ಸೊಸೆಯ ಮೂಳೆ ಮುರಿದದ್ದು ನನ್ನ ಮಗನಲ್ಲ, ಅವಳ ರಕ್ತ

ಏನ್ರೀ, ಬೇರೆಯವರ ಮನೆ ಕಷ್ಟ ಕಾಫಿ ಜೊತೆ ನಂಚಿಕೊಳ್ಳೋಕೆ ಚೆನ್ನಾಗಿರುತ್ತೆ ಅಂತ ಪೇಪರು ಬಿಡಿಸಿಕೊಂಡು ಕೂತಿದ್ದೀರಾ? ಲೋಟ ಕೆಳಗಿಡಿ. ನೆಟ್ಟಗೆ ಕೂತು ಓದಿ. ಇದು ನಿಮಗೆ ಬರೆದ ಕಾಗದ ಅಲ್ಲ. ಆದರೆ ನೀವು ಹತ್ತು ಜನ ನೋಡ್ತಿದ್ದೀರಿ ಅಂತ ಗೊತ್ತಾದರೇನೆ ಯಾರಿಗೆ ಬರೆದಿದ್ದೀನೋ ಅವರು ಇದನ್ನ ಓದೋದು. ಮುಚ್ಚಿದ ಲಕೋಟೆಯಲ್ಲಿ ಕಳಿಸಿದ್ದನ್ನೆಲ್ಲ ಅವರು ಮುಚ್ಚಿದ ಹಾಗೇ ಇಟ್ಟಿದ್ದಾರೆ.

ಇನ್ನು ನಿಮಗೆ, ನಮ್ಮ ಸರ್ಕಾರಿ ಆಸ್ಪತ್ರೆಯ ದೊಡ್ಡ ಕುರ್ಚಿಯ ವೈದ್ಯಾಧಿಕಾರಿಗಳಿಗೆ. ಮಾನ್ಯರೇ ಅಂತ ಬರೀಬೇಕಂತೆ, ಮೊಮ್ಮಗಳು ಹೇಳಿದಳು. ಬರೆದಿದ್ದೀನಿ ಅಂದುಕೊಳ್ಳಿ. ವಿಷಯ ಇಷ್ಟು. ನನ್ನ ಸೊಸೆ ಹೊನ್ನಮ್ಮನಿಗೆ ಮೂಳೆ ತಿನ್ನೋ ಕಾಯಿಲೆ. ರಕ್ತದೊಳಗಿನ ಪ್ರೋಟೀನು ನೋಡಿದ್ದರೆ ಅದು ತಿಳೀತಿತ್ತು. ನೀವು ನೋಡಲಿಲ್ಲ. ನೋಡದೇನೆ, ಗಂಡ ಹೊಡೆದು ಮುರಿದಿದ್ದಾನೆ ಅಂತ ಸರ್ಟಿಫಿಕೇಟು ಬರೆದಿರಿ. ಆ ಗಂಡ ನನ್ನ ಮಗ ಗಿರಿಯಪ್ಪ. ಅವನೀಗ ಜೈಲಿನಲ್ಲಿದ್ದಾನೆ. ನೀವು ಬರೆದದ್ದು ತಪ್ಪು ಅಂತ ನೀವೇ ಬರೆದು ಕೊಡೋ ತನಕ ಅವನು ಅಲ್ಲೇ ಇರ್ತಾನೆ.

ಆಸ್ಪತ್ರೆ ಯಾವ ಊರಿಂದು ಅಂತ ಹಾಕಿಲ್ಲ. ಹಾಕಿದರೆ ಸುತ್ತಲ ಆಸ್ಪತ್ರೆಯೋರೆಲ್ಲ ನಮ್ಮದಲ್ಲ ಅಂತ ಮಗ್ಗುಲು ಬದಲಾಯಿಸಿ ಮಲಗ್ತಾರೆ. ನಿಮಗೆ ಗೊತ್ತು, ನಂಗೆ ಗೊತ್ತು, ಸಾಕು.

ನಮ್ಮದು ಸಿಂಗಟಗೆರೆ ಹತ್ತಿರದ ಹಳ್ಳಿ. ತೆಂಗಿನ ತೋಟ, ಮಳೆ ನಂಬಿದ ಒಂದಿಷ್ಟು ಬೆದ್ದಲು. ಹೊನ್ನಮ್ಮ ಸೊಸೆಯಾಗಿ ಬಂದ ಹೊಸತರಲ್ಲಿ ಕಾಯಿ ತುಂಬಿದ ಚೀಲ ಒಬ್ಬಳೇ ಹೊತ್ತು ಅಟ್ಟ ಹತ್ತುತ್ತಿದ್ದಳು, ಕೊಬ್ಬರಿಗೆ ಹಾಕೋಕೆ. ಅಂಥೋಳು ಐವತ್ತು ದಾಟಿದ ಮೇಲೆ ಸೊಂಟ ನೋವು ಅಂದಳು. ನಿಮ್ಮಲ್ಲಿಗೆ ಬಂದ್ವಿ. ನೋವಿನ ಮಾತ್ರೆ ಕೊಟ್ಟಿರಿ. ಸುಸ್ತು ಅಂದಳು, ರಕ್ತ ಕಡಿಮೆ ಅಂತ ಕಬ್ಬಿಣದ ಮಾತ್ರೆ ಕೊಟ್ಟಿರಿ. ಮತ್ತೆ ಬಂದ್ವಿ, ಮತ್ತೆ ನೋವಿನ ಮಾತ್ರೆ. ಈ ಕಾಯಿಲೆಯೋರಿಗೆ ಆ ನೋವಿನ ಮಾತ್ರೆ ಕಿಡ್ನಿ ಕೆಡಿಸುತ್ತೆ ಅಂತ ಈಗ ಶಿವಮೊಗ್ಗದಲ್ಲಿ ಹೇಳ್ತಾರೆ. ಹಳ್ಳಿ ಜನ ನಾಟಿ ಔಷಧಿ ತಿಂದು ಕೆಡಿಸಿಕೊಂಡು ಆಮೇಲೆ ನಮ್ಮ ಹತ್ತಿರ ಬರ್ತೀರಿ ಅಂತ ಬಯ್ತೀರಲ್ಲ, ಇಲ್ಲ ಸ್ವಾಮಿ, ನಾವು ಮೊದಲು ನಿಮ್ಮ ಹತ್ತಿರ ಬಂದೇ ಕೆಡಿಸಿಕೊಂಡ್ವಿ.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ನೀರೊಲೆಗೆ ತೆಂಗಿನ ಗರಿ ತುಂಬ್ತಿದ್ದಳು. ಹೊಗೆ ಎದ್ದು ಕೆಮ್ಮು ಬಂತು. ಕೆಮ್ಮಿದಳು. ಒಣ ಕಡ್ಡಿ ಮುರಿದ ಹಾಗೆ ಸದ್ದಾಯ್ತು. ನಾನು ಒಲೆಯೊಳಗಿಂದು ಅಂದುಕೊಂಡೆ. ತಿರುಗಿ ನೋಡಿದರೆ ಹೊನ್ನಿ ನೆಲದ ಮೇಲಿದ್ದಾಳೆ, ಬಾಯಿ ತೆರೆದಿದೆ, ಕೂಗು ಹೊರಗೆ ಬರ್ತಿಲ್ಲ, ಉಸಿರು ಒಳಗೆ ಹೋಗ್ತಿಲ್ಲ. ಗಿರಿಯಪ್ಪ ಓಡಿ ಬಂದ. ಪಕ್ಕದ ಮನೆಯ ಆಟೋದಲ್ಲಿ ಮಲಗಿಸಿಕೊಂಡು ನಿಮ್ಮ ಬಾಗಿಲಿಗೆ ತಂದ್ವಿ. ದಾರಿಯ ಹಳ್ಳ ಒಂದೊಂದಕ್ಕೂ ಅವಳು ನನ್ನ ತೊಡೆ ಕಚ್ಚಿದಳು. ಹಲ್ಲಿನ ಗುರುತು ಇನ್ನೂ ಇದೆ.

ಎಕ್ಸರೇ ತೆಗೆಸಿದಿರಿ. ಎರಡು ಪಕ್ಕೆಲುಬು ಹೊಸದಾಗಿ ಮುರಿದಿವೆ, ಇನ್ನೆರಡು ಯಾವಾಗಲೋ ಮುರಿದು ತಾವೇ ಕೂಡಿಕೊಂಡಿವೆ. ನಿಮ್ಮ ಡ್ಯೂಟಿ ಡಾಕ್ಟರು ಆ ಫಿಲ್ಮನ್ನ ಬೆಳಕಿಗೆ ಹಿಡಿದು, ನನ್ನ ಮಗನನ್ನ ಹೊರಗೆ ಕಳಿಸಿ, ಬಾಗಿಲು ಹಾಕಿದರು.

"ಗಂಡ ಹೊಡೆದನೇನಮ್ಮಾ?"

"ಇಲ್ಲ ಸಾರ್, ಕೆಮ್ಮಿದೆ."

"ಕೆಮ್ಮಿದರೆ ಪಕ್ಕೆ ಮುರಿಯುತ್ತಾ? ಹೆದರಬೇಡ, ಹೇಳು. ಅತ್ತೆ ಇದ್ದಾರೆ ಅಂತ ಹಿಂಜರಿತಿದ್ದೀಯಾ?"

"ಅಯ್ಯೋ, ಅವರು ನಂಗೆ ಗದರೋದೂ ಇಲ್ಲ ಸಾರ್. ಮನೇಲಿ ಗದರೋಳು ನಾನೇ."

"ಎಲ್ಲರೂ ಹಿಂಗೇ ಅನ್ನೋದು," ಅಂದರು ಡಾಕ್ಟರು, ನರ್ಸಿನ ಕಡೆ ನೋಡಿ.

ಇದೇ ನೋಡಿ ನೀವು ಮಾಡಿದ ಕೆಲಸ. ಹೊಡೆದ ಅಂದಿದ್ದರೆ ಹೊಡೆದ ಅಂತ ಬರೀತಿದ್ದಿರಿ. ಹೊಡೆದಿಲ್ಲ ಅಂದಳು, ನಮ್ಮ ಕಡೆ ಹೆಂಗಸರು ಗಂಡನ ಮಾನ ಕಾಯೋಕೆ ಸುಳ್ಳು ಹೇಳ್ತಾರೆ, ಆದ್ದರಿಂದ ಹೊಡೆದೇ ಇದ್ದಾನೆ ಅಂತ ಬರೆದಿರಿ. ಬಾಯಿ ಮುಚ್ಚಿಕೊಂಡು ಇದ್ದಿದ್ದರೆ, ಪಾಪ ಹೆದರಿದ್ದಾಳೆ, ಹೊಡೆದಿದ್ದಾನೆ ಅಂತ ಬರೀತಿದ್ದಿರಿ. ಆ ಕೋಣೆಯಲ್ಲಿ ನನ್ನ ಸೊಸೆ ಯಾವ ಮಾತು ಆಡಿದ್ದರೆ ನನ್ನ ಮಗ ಉಳೀತಿದ್ದ, ದಯವಿಟ್ಟು ತಿಳಿಸಿ. ನಾವೂ ಬಾಯಿಪಾಠ ಮಾಡಿಟ್ಟುಕೊಳ್ತೀವಿ.

ಕೇಳಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಕೇಳಲೇಬೇಕು. ನಮ್ಮ ಸೀಮೆಯ ಗಂಡಸರ ಕೈ ಎಂಥದ್ದು ಅಂತ ನನಗೆ ನೀವು ಹೇಳಿಕೊಡಬೇಕಾಗಿಲ್ಲ. ನನ್ನ ಯಜಮಾನರು, ಸತ್ತು ಹೋದರು, ಬದುಕಿದ್ದಾಗ ಎತ್ತಿನ ಬಾರುಕೋಲು ಎತ್ತಿಗಿಂತ ನನ್ನ ಬೆನ್ನಿಗೇ ಜಾಸ್ತಿ ಬಿಟ್ಟವರು. ಆಗ ಯಾವ ಡಾಕ್ಟರೂ ಬಾಗಿಲು ಹಾಕಿ ನನ್ನ ಕೇಳಲಿಲ್ಲ. ಹೊಡೆಸಿಕೊಂಡ ಮೈ ಹೇಗಿರುತ್ತೆ ಅಂತ ನಂಗೆ ಚೆನ್ನಾಗಿ ಗೊತ್ತು. ಮೂಳೆಗಿಂತ ಮೊದಲು ಚರ್ಮ ಹೇಳುತ್ತೆ. ನೀಲಿ ಕಟ್ಟುತ್ತೆ, ಆಮೇಲೆ ಹಸಿರು, ಆಮೇಲೆ ಹಳದಿ. ಬಾಸುಂಡೆ ಏಳುತ್ತೆ, ರವಿಕೆ ಅಂಟುತ್ತೆ. ಹೊನ್ನಮ್ಮನ ಬೆನ್ನು ತಿರುಗಿಸಿ ನೋಡಿದಿರಾ? ಒಂದು ಗೀರಿಲ್ಲ, ಒಂದು ಕಲೆ ಇಲ್ಲ. ಚರ್ಮಕ್ಕೆ ತಾಕದೆ ಪಕ್ಕೆಲುಬು ಮಾತ್ರ ಮುರಿಯೋ ಹಾಗೆ ಹೊಡೆಯೋ ವಿದ್ಯೆ ನನ್ನ ಮಗನಿಗೆ ಎಲ್ಲಿಂದ ಬಂತು? ಅವನು ಎಳನೀರು ಕೆತ್ತಿದರೂ ಅಂಗೈ ಕೊಯ್ದುಕೊಳ್ಳೋನು.

"ರಕ್ತದಲ್ಲಿ ಏನಾದರೂ ಇದೆಯೇನೋ ನೋಡಿ ಸಾರ್" ಅಂತ ನಾನು ಕೈ ಮುಗಿದು ಕೇಳಿದೆ. ರಕ್ತ ತೆಗೆದುಕೊಂಡಿರಿ. ಸಕ್ಕರೆ ನೋಡಿದಿರಿ, ಹಿಮೋಗ್ಲೋಬಿನ್ ನೋಡಿದಿರಿ, ಮಿಕ್ಕದ್ದನ್ನ ಚೆಲ್ಲಿದಿರಿ. ಅವಳ ಪಕ್ಕೆಗೆ ಪಟ್ಟಿ ಹಾಕಿ ಮನೆಗೆ ಕಳಿಸಿ, ಹಿಂದೆಯೇ ಪೊಲೀಸರಿಗೆ ಬರೆದಿರಿ: ಬಲವಾದ ಹೊಡೆತದಿಂದ ಆದ ಗಾಯ, ಹಳೆಯ ಗಾಯಗಳೂ ಇವೆ. ಪೊಲೀಸರು ಅವಳ ತವರಿಗೆ ಫೋನು ಮಾಡಿದರು.

ತವರು ಅಜ್ಜಂಪುರದ ಕಡೆ. ಅಣ್ಣ ಬೀರಪ್ಪ. ತಂಗಿ ಅಂದರೆ ಪ್ರಾಣ ಅವನಿಗೆ. ಮುಂಗೋಪಿ. ಠಾಣೆಗೆ ಹೋಗಿ ದೂರು ಕೊಟ್ಟು, ಅಲ್ಲಿಂದ ನೇರ ಓಮ್ನಿಯಲ್ಲಿ ಜನ ತುಂಬಿಕೊಂಡು ನಮ್ಮ ಅಂಗಳಕ್ಕೆ ಬಂದ. ನನ್ನ ಮಗ ಕಬ್ಬಿಣದ ಗೂಟಕ್ಕೆ ಕಾಯಿ ಚುಚ್ಚಿ ಸುಲೀತಿದ್ದ. ಬಾ ಬಾವ, ಅಂತ ನಗ್ತಾ ಎದ್ದ. ಆ ನಗು ಪೂರ್ತಿ ಆಗೋಕೆ ಬಿಡಲಿಲ್ಲ. ಮೊದಲ ಏಟು ಬಾಯಿಗೆ. ಮುಂದಿನ ಹಲ್ಲು ಕಾಯಿ ಸಿಪ್ಪೆಯ ಮೇಲೆ ಬಿತ್ತು, ಆಮೇಲೆ ಹುಡುಕಿದರೂ ಸಿಗಲಿಲ್ಲ. ಕೆಳಗೆ ಬಿದ್ದೋನನ್ನ ಸುತ್ತ ನಿಂತು ಒದ್ದರು. ಒಬ್ಬ ಅವನ ಬಲಗೈಯನ್ನ ಬೂಟಿನಲ್ಲಿ ಮೆಟ್ಟಿ, "ಇದೇ ಕೈಯಲ್ಲವೇನೋ ಹೊಡೆದದ್ದು" ಅಂತ ಬೆರಳು ಅರೆದ. ರಕ್ತ ಕಣ್ಣಿಗಿಳಿದು ಅವನಿಗೆ ಯಾರು ಹೊಡೀತಿದ್ದಾರೆ ಅಂತಲೇ ಕಾಣ್ತಿರಲಿಲ್ಲ. "ನಾನೇನು ಮಾಡಿದೆ ಬಾವ, ಅದನ್ನಾದರೂ ಹೇಳಿ ಹೊಡಿ," ಅಂತಿದ್ದ.

ನಾನು ಸುಮ್ಮನೆ ನಿಂತಿರಲಿಲ್ಲ. ಸುಲಿಯದ ಕಾಯಿ ಒಂದು ಎತ್ತಿ ಬೀರಪ್ಪನ ಮಂಡಿಗೆ ಬೀಸಿದೆ. ಸರಿಯಾಗಿ ಬಿತ್ತು, ಇವತ್ತಿಗೂ ಕುಂಟ್ತಾನೆ. ಆ ಕೇಸು ಇನ್ನೂ ಯಾರೂ ದಾಖಲಿಸಿಲ್ಲ. ಬೇಕಾದರೆ ದಾಖಲಿಸಿ. ಅದರಲ್ಲಾದರೂ ನಿಜವಾಗಿ ಹೊಡೆದೋರ ಹೆಸರು ಇರುತ್ತೆ.

ಗಲಾಟೆ ಕೇಳಿ ಹೊನ್ನಿ ಗೋಡೆ ಹಿಡ್ಕೊಂಡು ಹೊರಗೆ ಬಂದಳು. "ಬಿಡಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ, ಅವರು ನನ್ನ ಮುಟ್ಟಿಲ್ಲ ಕಣಣ್ಣಾ!"

"ನೀನು ಸುಮ್ನಿರು. ನಿನಗೆ ಇನ್ನೂ ಇವನ ಭಯ," ಅಂದ ಬೀರಪ್ಪ. ಈ ಅಂಗಳ ಇನ್ನು ನನ್ನ ತಂಗಿ ತುಳೀಬಾರದು ಅಂತ ಅವಳನ್ನ ಎರಡು ಕೈಯಲ್ಲಿ ಎತ್ತಿಕೊಂಡ. ಮಗೂನ ಎತ್ತಿದ ಹಾಗೆ, ಕಂಕುಳಿಗೆ ಕೈ ಕೊಟ್ಟು, ಪ್ರೀತಿಯಿಂದಲೇ ಎತ್ತಿದ. ನನ್ನ ಕಣ್ಣಾಣೆ, ನಿಧಾನವಾಗೇ ಎತ್ತಿದ. ಅದೇ ಸದ್ದು ಮತ್ತೆ ಬಂತು, ಈ ಸಲ ದಪ್ಪಗೆ. ಹೊನ್ನಿಯ ಎಡತೋಳು ಮೊಣಕೈಯಿಂದ ಮೇಲೆ ಅವನ ಕೈಯೊಳಗೇ ಮುರಿದು, ತುಂಬಿದ ಚೀಲದ ಹಾಗೆ ಜೋತುಬಿತ್ತು. ಅವಳು ಕಿರುಚಿದ ಕಿರುಚಿಗೆ ಒದೀತಿದ್ದೋರ ಕಾಲು ನಿಂತುಹೋಯ್ತು.

ಬೀರಪ್ಪ ತಂಗಿಯ ಮುಖ ನೋಡಿದ. ತನ್ನ ಕೈ ನೋಡಿದ. "ಅತ್ತೇ," ಅಂದ ನನಗೆ, "ನಾನು ಏನೂ ಮಾಡಲಿಲ್ಲ ಅತ್ತೇ. ಬರೀ ಎತ್ತಿದೆ."

"ಗೊತ್ತು ಕಣೋ," ಅಂದೆ. "ಅವನೂ ಏನೂ ಮಾಡಿಲ್ಲ. ಅವಳು ಬರೀ ಕೆಮ್ಮಿದಳು."

ಅಜ್ಜಂಪುರಕ್ಕೆ ಹೋಗಬೇಕಾದ ಓಮ್ನಿ ತರೀಕೆರೆ ದಾಟಿ ಶಿವಮೊಗ್ಗದಲ್ಲಿ ನಿಂತಿತು. ಹೊನ್ನಿ ಜೊತೆ ನಾನೂ ಹತ್ತಿದ್ದೆ. ಅದು ಅತ್ತ ಹೋಗ್ತಿದ್ದ ಹಾಗೆ ಇತ್ತ ಜೀಪು ಬಂದು ರಕ್ತ ಸುರೀತಿದ್ದ ನನ್ನ ಮಗನನ್ನ ಹಾಕಿಕೊಂಡು ಹೋಯ್ತಂತೆ. ಜೈಲಿಗೆ ಮೊದಲು ನಿಮ್ಮ ಆಸ್ಪತ್ರೆಗೇ ತೋರಿಸಿದರಂತೆ. ಅಲ್ಲಿ ಅವನ ಗಾಯ ನೋಡಿ ನೀವು ಏನು ಬರೆದಿರಿ ಅಂತ ವಕೀಲರು ನನಗೆ ಓದಿ ಹೇಳಿದರು. ಬಿದ್ದು ಆದ ಗಾಯ! ನಾನು ಎರಡು ಸಲ ಓದಿಸಿದೆ. ಆಹಾ! ನಿಮ್ಮ ಆಸ್ಪತ್ರೆಯಲ್ಲಿ ಕೆಮ್ಮಿದೋಳು ಹೊಡೆಸಿಕೊಂಡೋಳು, ಹೊಡೆಸಿಕೊಂಡೋನು ಬಿದ್ದೋನು. ಇಂಥ ಕಣ್ಣು ಇಟ್ಟುಕೊಂಡು ಅದು ಹೇಗೆ ಸ್ವಾಮಿ ಸಹಿ ಮಾತ್ರ ಸರಿಯಾದ ಜಾಗದಲ್ಲಿ ಹಾಕ್ತೀರಿ?

ಶಿವಮೊಗ್ಗದ ಡಾಕ್ಟ್ರಮ್ಮ ಮುರಿದ ತೋಳು ನೋಡಿದರು, ಬಿಳಿಚಿದ ಕಣ್ಣು ನೋಡಿದರು, ಎಷ್ಟು ದಿನದಿಂದ ಸೊಂಟ ನೋವು ಅಂತ ಕೇಳಿದರು. ಯಾರು ಹೊಡೆದರು ಅಂತ ಅವರೂ ಕೇಳಿದರು. ಇಲ್ಲ ಅಂದಳು. "ಸರಿ, ಹಾಗಾದರೆ ರಕ್ತ ಕೇಳೋಣ," ಅಂದರು. ನೋಡಿ, ಇಷ್ಟೇ ವ್ಯತ್ಯಾಸ. ಅವರೂ ನಂಬಿಬಿಡಲಿಲ್ಲ. ಆದರೆ ನಂಬದೆ ಇದ್ದೋರು ಪರೀಕ್ಷೆ ಮಾಡಿದರು, ನೀವು ತೀರ್ಪು ಕೊಟ್ಟಿರಿ.

ಅವರು ನನ್ನ ಕೂರಿಸಿಕೊಂಡು ಹೇಳಿದ್ದನ್ನ ನಿಮಗೆ ಹೇಳ್ತೀನಿ, ನೀವು ಓದಿದ್ದು ಮರೆತಿರಬಹುದು. ರಕ್ತ ಸ್ವಲ್ಪ ಹೊತ್ತು ಇಟ್ಟರೆ ಕೆಂಪು ಕೆಳಗೆ ಗಟ್ಟಿಯಾಗಿ ಮೇಲೆ ಹಳದಿ ತಿಳಿ ನಿಲ್ಲುತ್ತಲ್ಲ, ಅದರೊಳಗೆ ಪ್ರೋಟೀನು ಇರುತ್ತಂತೆ. ಮೊದಲು ಅದು ಒಟ್ಟು ಎಷ್ಟಿದೆ, ಅದರೊಳಗೆ ಒಳ್ಳೇದು ಎಷ್ಟು ಅಂತ ಅಳೀತಾರೆ. ಹೊನ್ನಿಗೆ ಒಟ್ಟು ಜಾಸ್ತಿ, ಒಳ್ಳೇದು ಕಡಿಮೆ. ಹಾಗಾದರೆ ಮಿಕ್ಕದ್ದು ಏನು? ಅದನ್ನ ತಿಳಿಯೋಕೆ ಆ ತಿಳಿಯ ಒಂದು ಹನಿಯನ್ನ ತೆಳುವಾದ ಪದರದ ಮೇಲಿಟ್ಟು ಕರೆಂಟು ಕೊಡ್ತಾರೆ. ಪ್ರೋಟೀನು ಓಡೋಕೆ ಶುರು ಮಾಡುತ್ತೆ. ಕೆಲವು ಮುಂದೆ, ಕೆಲವು ಹಿಂದೆ, ಸಂಜೆ ಹಟ್ಟಿಗೆ ಬರೋ ಕುರಿಗಳ ಹಾಗೆ. ಚೆನ್ನಾಗಿರೋರ ರಕ್ತದಲ್ಲಿ ಹಿಂದಿನವು ಚದುರಿಕೊಂಡು ಮಬ್ಬಾಗಿ ಕಾಣುತ್ವೆ. ಹೊನ್ನಿಯದರಲ್ಲಿ ಒಂದೇ ಜಾಗದಲ್ಲಿ ದಪ್ಪನೆ ಕಪ್ಪು ಪಟ್ಟೆ. ಮೂಳೆಯ ಒಳಗೆ ಕೆಟ್ಟುಹೋದ ಒಂದೇ ಜಾತಿ ಕಣ ಕೂತುಕೊಂಡು, ಒಂದೇ ಥರದ ಪ್ರೋಟೀನು ಸುರೀತಾ, ಕೂತ ಮನೆಯನ್ನೇ ತಿಂತಿದೆ ಅಂತ ಅರ್ಥ. ಆಮೇಲೆ ಮೂಳೆಯ ಒಳಗಿಂದಲೂ ಒಂದಿಷ್ಟು ತೆಗೆದು ನೋಡಿ ಗಟ್ಟಿ ಮಾಡಿದರು. ಪೂರ್ತಿ ಹೋಗೋ ಕಾಯಿಲೆ ಅಲ್ಲವಂತೆ. ಆದರೆ ಸೂಜಿ, ಮಾತ್ರೆ ಸರಿಯಾಗಿ ನಡೆದರೆ ವರ್ಷಗಟ್ಟಲೆ ಬದುಕಬಹುದು, ಎಷ್ಟು ಬೇಗ ಹಿಡಿದರೆ ಅಷ್ಟು ಒಳ್ಳೇದು ಅಂದರು. ಬೇಗ ಅನ್ನೋದನ್ನ ನೀವು ನುಂಗಿ ಕೂತಿದ್ದೀರಿ.

ಕರೆಂಟು ಕೊಟ್ಟು ಓಡಿಸೋ ಯಂತ್ರ ನಿಮ್ಮಲ್ಲಿ ಇಲ್ಲ, ಒಪ್ಪಿದೆ. ಮೊದಲನೇ ಅಳತೆಯ ಯಂತ್ರ? ಅದು ಇದೆ ಅಂತ ಡಾಕ್ಟ್ರಮ್ಮ ಹೇಳಿದರು. ವಾಪಸು ಬಂದ ಮೇಲೆ ಮೊಮ್ಮಗಳು ನಿಶ್ಚಿತಾನ ಕರ್ಕೊಂಡು ನಿಮ್ಮ ಲ್ಯಾಬಿಗೆ ಹೋದೆ. ಇದೆ! ಹೊದಿಕೆ ಹೊದ್ದುಕೊಂಡು ಮದುವಣಗಿತ್ತಿ ಹಾಗೆ ಕೂತಿದೆ. ಹೊದಿಕೆಯ ಮೇಲೆ ಆಯುಧಪೂಜೆಯ ಕುಂಕುಮ, ಒಣಗಿದ ಚೆಂಡುಹೂವು.

"ಇದರಲ್ಲಿ ಪ್ರೋಟೀನು ನೋಡೋಕಾಗಲ್ವೇನಪ್ಪಾ?" ಅಂದೆ ಅಲ್ಲಿದ್ದೋನನ್ನ.

"ಆಗುತ್ತೆ ಅಜ್ಜಿ, ಆದರೆ ಅದಕ್ಕೆ ಹಾಕೋ ಕೆಮಿಕಲ್ಲು ಬಂದಿಲ್ಲ."

"ಯಾವಾಗಿಂದ?"

"ನಾನು ಕೆಲಸಕ್ಕೆ ಬಂದಾಗಿಂದ."

"ಹೂವು ಮಾತ್ರ ತಪ್ಪದೆ ಬರುತ್ತೆ," ಅಂದಳು ನಿಶ್ಚಿತಾ. ಅವಳ ನಾಲಿಗೆ ನನ್ನದೇ.

ಆಮೇಲೆ ನಿಮ್ಮ ಕೋಣೆಗೇ ಬಂದೆ. ನೆನಪಿದೆಯಾ? ಶಿವಮೊಗ್ಗದ ವರದಿ ಇಟ್ಟು ನಮ್ಮ ವಕೀಲರು ಜಾಮೀನು ಕೇಳಿದ್ದರು. ಎರಡು ಆಸ್ಪತ್ರೆ ಎರಡು ಮಾತು ಹೇಳ್ತಿವೆ, ಮೊದಲು ಬರೆದ ಆಸ್ಪತ್ರೆಯೇ ಎರಡನ್ನೂ ನೋಡಿ ತನ್ನ ಅಭಿಪ್ರಾಯ ತಿಳಿಸಲಿ ಅಂತ ಕೋರ್ಟು ನಿಮ್ಮನ್ನ ಕೇಳಿತ್ತು. ಬೀರಪ್ಪ ಠಾಣೆಗೆ ಹೋಗಿ, "ನನ್ನ ದೂರು ಸುಳ್ಳು, ತಂಗಿ ತೋಳು ಮುರಿದೋನು ನಾನು, ನನ್ನ ಒಳಗೆ ಹಾಕಿ," ಅಂತ ಬಾಗಿಲಲ್ಲಿ ಕೂತು ಅತ್ತ. ಆಸ್ಪತ್ರೆಯ ಸರ್ಟಿಫಿಕೇಟು ಇರೋವಾಗ ನಿನ್ನ ಅಳು ಯಾರಿಗೆ ಬೇಕು ಅಂತ ಎಬ್ಬಿಸಿ ಕಳಿಸಿದರು. ಎಲ್ಲರೂ ನಿಮ್ಮ ಒಂದು ಸಾಲಿಗೆ ಕಾಯ್ತಿದ್ದಾರೆ. ಅದನ್ನ ಕೇಳೋಕೆ ನಾನೂ ಬೀರಪ್ಪನೂ ಬಂದ್ವಿ. ನೀವು ಕನ್ನಡಕ ಒರೆಸ್ತಾ ಹೇಳಿದಿರಿ:

"ಅಜ್ಜಿ, ಅಭಿಪ್ರಾಯ ಬದಲಾಯಿಸಿದರೆ ನಮ್ಮ ಡಾಕ್ಟರು ಬರೆದದ್ದು ತಪ್ಪು ಅಂತ ಆಗುತ್ತೆ."

"ತಪ್ಪೇ ಅಲ್ಲವಾ?"

"ಹಾಗೆ ಸುಲಭವಾಗಿ ಹೇಳೋಕಾಗಲ್ಲ. ಕಾಯಿಲೆನೂ ಇರಬಹುದು, ಹೊಡೆದೂ ಇರಬಹುದು. ಪರಿಶೀಲನೆಯಲ್ಲಿದೆ."

ಬೀರಪ್ಪ ಎದ್ದು ಮೇಜು ಗುದ್ದಿದ, ನಿಮ್ಮ ಗಾಜು ಬಿರುಕು ಬಿಟ್ಟಿತು, ನೀವು ಸೆಕ್ಯುರಿಟಿ ಕರೆದಿರಿ. ನಾನು ಅವನ ಅಂಗಿ ಹಿಡಿದು ಎಳಕೊಂಡು ಬಂದೆ. ಎಳಕೊಂಡು ಬಂದದ್ದು ನಿಮ್ಮ ಮೇಲಿನ ಗೌರವಕ್ಕಲ್ಲ. ತಂಗಿಗೋಸ್ಕರ ಅವನು ಈಗ ನಮ್ಮಲ್ಲೇ ಇದ್ದಾನೆ, ಅವನೂ ಒಳಗೆ ಹೋದರೆ ಮನೆಯಲ್ಲಿ ಗಂಡಾಳು ಯಾರೂ ಉಳಿಯಲ್ಲ. ನನ್ನ ಕೈಯಂತೂ ಕೆರೀತಿತ್ತು. ದಿನಾ ಎಳನೀರು ಕೆತ್ತೋ ಕೈ ಇದು. ಕಾಯಿಲೆನೂ ಇರಬಹುದು ಹೊಡೆದೂ ಇರಬಹುದು ಅಂತ ಹೇಳೋ ಬಾಯನ್ನ ಅಂಗಳದ ಕಾಯಿ ಸುಲಿಯೋ ಗೂಟಕ್ಕೆ ಒತ್ತಿ ಸಿಪ್ಪೆ ಬಿಡಿಸಿದರೆ ಒಳಗೆ ಏನಾದರೂ ತಿರುಳಿದೆಯೋ, ಬರೀ ಟೊಳ್ಳು ಗೊಟರೋ ಅಂತ ನೋಡೋ ಆಸೆ ನನಗೂ ಆಯ್ತು. ಆಸೆ ಆಯ್ತು ಅಂತ ಬರೆದಿದ್ದೀನಿ, ಮಾಡ್ತೀನಿ ಅಂತ ಬರೆದಿಲ್ಲ. ವಕೀಲರಿಗೆ ತೋರಿಸಿಯೇ ಬರೆದಿದ್ದೀನಿ.

ಯಾಕೆ ಇಷ್ಟು ಕೂಗಾಡ್ತೀನಿ ಅಂತ ಕೇಳ್ತೀರೇನೋ. ಹೊನ್ನಿಗೆ ಸೂಜಿ ಕೊಡಿಸೋಕೆ ವಾರಕ್ಕೊಮ್ಮೆ ಶಿವಮೊಗ್ಗಕ್ಕೆ ಹೋಗಬೇಕು. ಅವಳನ್ನ ಯಾರೂ ಕೈ ಹಾಕಿ ಎತ್ತಬಾರದು, ದುಪ್ಪಟಿ ಮೇಲೆ ಮಲಗಿಸಿ ನಾಲ್ಕು ಮೂಲೆ ಹಿಡಿದು ಒಂದೇ ಸಮ ಎತ್ತಬೇಕು ಅಂತ ಡಾಕ್ಟ್ರಮ್ಮ ತೋರಿಸಿಕೊಟ್ಟಿದ್ದಾರೆ. ತಲೆ ಕಡೆ ಬೀರಪ್ಪ, ನಿಶ್ಚಿತಾ. ಕಾಲ ಕಡೆ ಒಂದು ಮೂಲೆ ನಾನು, ಇನ್ನೊಂದು ಯಾರು ಸಿಕ್ಕರೆ ಅವರು. ಹೋದ ವಾರ ನನ್ನ ಕೈಯಿಂದ ಮೂಲೆ ಜಾರಿತು. ಮೂಳೆ ಮುರೀಲಿಲ್ಲ. ಹೊನ್ನಿ ಕಣ್ಣು ಮುಚ್ಚಿಕೊಂಡೇ, "ಅತ್ತೆ, ಅವರು ಬರಲಿ ಬಿಡಿ, ಅಲ್ಲೀ ತನಕ ನಾನು ಎಲ್ಲಿಗೂ ಬರಲ್ಲ," ಅಂದಳು. ಈ ವಾರ ಅವಳು ಹೋಗಲಿಲ್ಲ. ಸೂಜಿ ತಪ್ಪಿತು. ಬಯ್ದೆ, ಬೇಡಿಕೊಂಡೆ, ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಳೆ. ಒಂದು ತಪ್ಪಿದರೆ ಪರವಾಗಿಲ್ಲ, ಸಾಲಾಗಿ ತಪ್ಪಿದರೆ ನಾವು ಏನೂ ಮಾಡೋಕಾಗಲ್ಲ ಅಂತ ಡಾಕ್ಟ್ರಮ್ಮ ಫೋನಿನಲ್ಲಿ ಹೇಳಿದರು. ನಿಮ್ಮ ಪರಿಶೀಲನೆ ಅಂದರೆ ಇದು. ಜೈಲಿನಲ್ಲಿರೋನು ಒಬ್ಬ, ಸಾಯ್ತಿರೋಳು ಇನ್ನೊಬ್ಬಳು.

ಆದ್ದರಿಂದ, ತಮ್ಮ ಅವಗಾಹನೆಗೆ ತರುವುದೇನೆಂದರೆ, ಈ ಮಾತು ನಿಮ್ಮಿಂದಲೇ ಕಲಿತದ್ದು, ಹೊನ್ನಮ್ಮನ ಮೂಳೆ ಮುರಿದದ್ದು ಕಾಯಿಲೆಯಿಂದ, ಹೊಡೆತದ ಗುರುತು ನಮಗೆ ಕಾಣಲಿಲ್ಲ ಅಂತ ಕೋರ್ಟಿಗೆ ಬರೆದು ಕಳಿಸಿ. ಗಿರಿಯಪ್ಪ ಬಿದ್ದದ್ದಲ್ಲ, ಅವನನ್ನ ಹೊಡೆದರು ಅಂತಲೂ ಬರೀರಿ. ಹೊಡೆದೋನೇ ಸಾಕ್ಷಿ ಹೇಳೋಕೆ ಸಿದ್ಧ ಇದ್ದಾನೆ. ಆ ಯಂತ್ರದ ಹೊದಿಕೆ ತೆಗೆಸಿ, ಕೆಮಿಕಲ್ಲು ತರಿಸಿ, ಸೊಂಟ ನೋವು ಸುಸ್ತು ಅಂತ ಬರೋ ವಯಸ್ಸಾದೋರ ಪ್ರೋಟೀನು ನೋಡಿ, ಅನುಮಾನ ಬಂದರೆ ದೊಡ್ಡ ಲ್ಯಾಬಿಗೆ ಕಳಿಸಿ. ಬಾಗಿಲು ಹಾಕಿಕೊಂಡು ಹೆಂಗಸರನ್ನ ಕೇಳೋದನ್ನ ಮಾತ್ರ ನಿಲ್ಲಿಸಬೇಡಿ. ಕೇಳಿ. ಆದರೆ ಅವರು ಕೊಟ್ಟ ಉತ್ತರವನ್ನೂ ಕೇಳಿಸಿಕೊಳ್ಳಿ.

ಕೋರ್ಟಿನ ವಾಯಿದೆ ಮುಂದಿನ ತಿಂಗಳ ಮೊದಲ ವಾರ. ಪರಿಶೀಲನೆ, ಕಡತ, ಮೇಲಿನೋರು, ಕೆಳಗಿನೋರು ಯಾವುದೂ ನನಗೆ ಬೇಡ. ಈ ತಿಂಗಳು ಮುಗಿಯೋದರೊಳಗೆ ಉತ್ತರ ಬರೀರಿ, ಕೋರ್ಟಿಗೊಂದು, ನನಗೊಂದು. ನನ್ನದನ್ನ ಅಂಚೆಯಲ್ಲಿ ಹಾಕಬೇಡಿ, ಯಾರ ಕೈಲಾದರೂ ಕಳಿಸಿ. ಗೋಡೆ ಕಡೆ ತಿರುಗಿ ಮಲಗಿರೋಳಿಗೆ ನಾನು ಅವತ್ತೇ ಓದಿ ಹೇಳಬೇಕು.

ಇಂತಿ,
ಹೊಡೆಸಿಕೊಂಡು ಬದುಕಿದ್ದಕ್ಕೆ ಹೊಡೆತ ಯಾವುದು, ಕಾಯಿಲೆ ಯಾವುದು ಅಂತ ತಿಳಿದಿರೋ, ಆದರೆ ಸರ್ಟಿಫಿಕೇಟು ಬರೆಯೋ ಅಧಿಕಾರ ಇಲ್ಲದ,
ಗಿರಿಯಪ್ಪನ ತಾಯಿ, ಹೊನ್ನಮ್ಮನ ಅತ್ತೆ,
ಕರಿಯಮ್ಮ
ಸಿಂಗಟಗೆರೆ ಹತ್ತಿರ, ಕಡೂರು ತಾಲ್ಲೂಕು